ಒಂದೇ ಚಾಸಿ, ಮೂರು ಮೈ

ಮೇಜಿನ ಮೇಲೆ ಒಂದು ಚಿಕ್ಕ ರಟ್ಟಿನ ಪೆಟ್ಟಿಗೆ. ಒಳಗೆ ಬೂದು ಬಣ್ಣದ ಲೋಹದ ತುಂಡುಗಳು. ನೋಡಲು ಸಣ್ಣವು, ಕೈಗೆತ್ತಿಕೊಂಡರೆ ಮಾತ್ರ ನಿರೀಕ್ಷೆಗಿಂತ ಹೆಚ್ಚು ಭಾರ. ಎರಡು ಉದ್ದನೆಯ ಪಟ್ಟಿಗಳು, ನಾಲ್ಕು ಮಡ್‌ಗಾರ್ಡ್, ಒಂದು ರೇಡಿಯೇಟರ್, ಆಸನಗಳು, ಕಡಲೆಕಾಳಿನಷ್ಟು ದೊಡ್ಡ ದೀಪಗಳು. ಎಲ್ಲವನ್ನೂ ಜೋಡಿಸಿ ಮುಗಿಸಿದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕಾರೊಂದು ಸಿದ್ಧವಾಗುತ್ತದೆ. ಅದು 1907ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್.

ಇದನ್ನು ಬಿಡುವಿರುವವರ ಹವ್ಯಾಸವೆಂದೋ ದೊಡ್ಡವರ ಮಕ್ಕಳಾಟಿಕೆಯೆಂದೋ ಪಕ್ಕಕ್ಕೆ ಸರಿಸಿಬಿಡುವುದು ಸುಲಭ. ಆದರೆ ವಸ್ತುಗಳಿಗೂ ಚರಿತ್ರೆಯಿದೆ. ಅರಮನೆ, ಕೋಟೆ, ಶಾಸನಗಳನ್ನು ಓದುವ ಶ್ರದ್ಧೆಯಿಂದಲೇ ಈ ಪುಟ್ಟ ಕಾರನ್ನೂ ಓದಿದರೆ, ಕಳೆದ ಶತಮಾನದ ಕೆಲವು ದೊಡ್ಡ ಸಂಗತಿಗಳು ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತವೆ.

ಮೊದಲು ಲೋಹದ ಮಾತು. 'ಬಿಳಿ ಲೋಹ' ಎಂಬುದು ಒಂದೇ ಧಾತುವಲ್ಲ. ತವರ, ಸೀಸ, ಆಂಟಿಮನಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಮಿಶ್ರಲೋಹಗಳಿಗೆ ಇರುವ ಸಾಮಾನ್ಯ ಹೆಸರು ಅದು. ಕಡಿಮೆ ಶಾಖಕ್ಕೆ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಸೂಕ್ಷ್ಮ ಗೆರೆಗಳನ್ನೂ ಉಳಿಸಿಕೊಳ್ಳುತ್ತದೆ. ಈ ಗುಣಗಳು ಕನ್ನಡದ ಓದುಗರಿಗೆ ಅಪರಿಚಿತವೇನಲ್ಲ. ಆಫ್‌ಸೆಟ್ ಮುದ್ರಣ ಬರುವವರೆಗೆ ನಮ್ಮ ಪತ್ರಿಕೆಗಳನ್ನು, ಪಠ್ಯಪುಸ್ತಕಗಳನ್ನು ಅಚ್ಚು ಮಾಡಿದ ಮೊಳೆಗಳು ಇದೇ ಮೂರು ಧಾತುಗಳ ಮಿಶ್ರಣದಿಂದ ಎರಕಗೊಂಡವು. ಅವುಗಳಲ್ಲಿ ಸೀಸದ ಪಾಲು ಹೆಚ್ಚಿತ್ತು, ಅಷ್ಟೆ. ಆ ಸೀಸದೊಂದಿಗೆ ಹಗಲಿರುಳು ದುಡಿದ ಮೊಳೆ ಜೋಡಿಸುವವರ ಆರೋಗ್ಯದ ಮಾತು ಪುಸ್ತಕಗಳ ಚರಿತ್ರೆಯಲ್ಲಿ ಬರುವುದು ಅಪರೂಪ.

ನಿಜವಾದ ಕಾರಿಗೂ ಬಿಳಿ ಲೋಹಕ್ಕೂ ನಂಟಿದೆ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ತವರ, ಆಂಟಿಮನಿ, ತಾಮ್ರ ಸೇರಿದ ಬೇರಿಂಗ್ ಲೋಹವೊಂದನ್ನು ಬಳಕೆಗೆ ತಂದರು. ಹಳೆಯ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟ್ ತಿರುಗುವ ಜಾಗಕ್ಕೆ ಈ ಜಾತಿಯ ಲೋಹವನ್ನೇ ಕರಗಿಸಿ ಹೊಯ್ಯುತ್ತಿದ್ದರು. ದೊಡ್ಡ ಕಾರಿನ ಎದೆಯೊಳಗೆ ಅಡಗಿದ್ದ ಲೋಹ ಪುಟ್ಟ ಕಾರಿನಲ್ಲಿ ಇಡೀ ಮೈಯಾಗಿದೆ.

ಎರಕದ ವಿಧಾನವೂ ತಿಳಿಯಲು ಯೋಗ್ಯ. ಕುಶಲಕರ್ಮಿಯೊಬ್ಬ ಮೊದಲು ಪ್ರತಿಯೊಂದು ಭಾಗದ ಮೂಲ ಮಾದರಿಯನ್ನು ಹಿತ್ತಾಳೆಯಂತಹ ವಸ್ತುವಿನಲ್ಲಿ ಕೊರೆಯುತ್ತಾನೆ. ಅದನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಇಟ್ಟು, ಶಾಖ ಮತ್ತು ಒತ್ತಡದಿಂದ ರಬ್ಬರನ್ನು ಗಟ್ಟಿಗೊಳಿಸಿ ಅಚ್ಚು ಮಾಡುತ್ತಾರೆ. ಅಚ್ಚನ್ನು ಗಿರ್ರನೆ ತಿರುಗಿಸುತ್ತಾ ನಡುವಿನ ರಂಧ್ರಕ್ಕೆ ಕರಗಿದ ಲೋಹ ಸುರಿದರೆ, ತಿರುಗುವ ರಭಸಕ್ಕೆ ಅದು ಅಂಚಿನವರೆಗೂ ಹರಿದು ತುಂಬಿಕೊಳ್ಳುತ್ತದೆ. ಉಕ್ಕಿನ ಅಚ್ಚಿಗೆ ಲಕ್ಷಾಂತರ ತುಂಡುಗಳನ್ನು ಕೊಡುವ ತಾಕತ್ತಿದೆ, ಆದರೆ ಖರ್ಚು ವಿಪರೀತ. ರಬ್ಬರ್ ಅಚ್ಚು ಅಗ್ಗ, ಬೇಗ ಸವೆಯುತ್ತದೆ. ಆದ್ದರಿಂದಲೇ 1970ರ ದಶಕದಲ್ಲಿ ಮನೆಯ ಹಿತ್ತಲಿನ ಕೊಠಡಿಗಳಲ್ಲಿ, ಸಣ್ಣ ಕಾರ್ಯಾಗಾರಗಳಲ್ಲಿ ಈ ಉದ್ಯಮ ಬೆಳೆಯಿತು. 1974ರಲ್ಲಿ ಕೆನಡಾದಲ್ಲಿ ಆರಂಭವಾಗಿ, ಮುಂದೆ ಇಂಗ್ಲೆಂಡಿನ ಬಾತ್ ನಗರಕ್ಕೆ ಬಂದ 'ಬ್ರೂಕ್ಲಿನ್ ಮಾಡೆಲ್ಸ್' ಇದಕ್ಕೊಂದು ಉದಾಹರಣೆ.

ಅಚ್ಚು, ಎರಕ, ಮಾದರಿ ಇವೆಲ್ಲ ಯುರೋಪಿನ ಕೈಗಾರಿಕಾ ಯುಗದ ಕೊಡುಗೆಗಳೆಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿ ಅರಸರ ಆಶ್ರಯದಲ್ಲಿದ್ದ ಅಲ್ ಜಝರಿ 1206ರಲ್ಲಿ ಯಂತ್ರಗಳ ಕುರಿತ ತಮ್ಮ ಗ್ರಂಥವನ್ನು ಪೂರ್ಣಗೊಳಿಸಿದರು. ಮುಚ್ಚಿದ ಪೆಟ್ಟಿಗೆಯಲ್ಲಿ ಮರಳು ತುಂಬಿ ಲೋಹ ಎರಕ ಹೊಯ್ಯುವುದನ್ನೂ, ವಿನ್ಯಾಸ ನಿರ್ಧರಿಸಲು ಕಾಗದದ ಮಾದರಿಗಳನ್ನು ಬಳಸುವುದನ್ನೂ ಅವರು ಬರೆದಿಟ್ಟಿದ್ದಾರೆ. 1974ರಲ್ಲಿ ಆ ಗ್ರಂಥವನ್ನು ಇಂಗ್ಲಿಷಿಗೆ ತಂದ ಡೊನಾಲ್ಡ್ ಹಿಲ್ ಈ ಅಂಶಗಳತ್ತ ವಿದ್ವಾಂಸರ ಗಮನ ಸೆಳೆದರು. ಇದು ಬರಿಯ ಹೆಮ್ಮೆಗಾಗಿ ಹೇಳುವ ಮಾತಲ್ಲ. ಜ್ಞಾನ ಯಾವುದೇ ಒಂದು ನಾಡಿನ ಸೊತ್ತಲ್ಲ ಎಂಬುದನ್ನು ನೆನಪಿಸಿಕೊಳ್ಳಲು ಮಾತ್ರ.

ಇನ್ನು ಅಳತೆ. ಇಂತಹ ಮಾದರಿಗಳಲ್ಲಿ ಹೆಚ್ಚಿನವು 1:43ರ ಪ್ರಮಾಣದಲ್ಲಿರುತ್ತವೆ. ಈ ವಿಚಿತ್ರ ಸಂಖ್ಯೆ ಬಂದದ್ದು ಆಟಿಕೆ ರೈಲಿನಿಂದ. ಬ್ರಿಟನ್ನಿನ 'ಓ' ಗೇಜ್ ರೈಲುಗಳಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರ ಕಂಪನಿ 1933ರ ಕೊನೆಯಲ್ಲಿ ತನ್ನ ರೈಲುಗಳ ಪಕ್ಕದಲ್ಲಿಡಲು ಪುಟ್ಟ ವಾಹನಗಳನ್ನು ತಂದಿತು. ಮರುವರ್ಷ ಅವು 'ಡಿಂಕಿ ಟಾಯ್ಸ್' ಎಂದು ಹೆಸರಾದವು. ಸಿಲ್ವರ್ ಘೋಸ್ಟ್‌ನ ಉದ್ದನೆಯ ಚಾಸಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 143.5 ಇಂಚು ಅಂತರವಿತ್ತು. 1:43ರಲ್ಲಿ ಅದು ಎಂಟೂವರೆ ಸೆಂಟಿಮೀಟರಿಗೆ ಇಳಿಯುತ್ತದೆ.

ಆ ಕಾರಿನ ಕಥೆಯೂ ಸ್ವಾರಸ್ಯಕರ. ಹೆನ್ರಿ ರಾಯ್ಸ್ ಬಡ ಕುಟುಂಬದ ಮಗ. ಬಾಲ್ಯದಲ್ಲಿ ಪತ್ರಿಕೆ ಮಾರಿದವರು, ತಂತಿ ಸಂದೇಶ ಹಂಚಿದವರು. ಚಾರ್ಲ್ಸ್ ರೋಲ್ಸ್ ಶ್ರೀಮಂತ ಮನೆತನದ ಕುಡಿ. 1904ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಹೋಟೆಲೊಂದರಲ್ಲಿ ಇಬ್ಬರೂ ಭೇಟಿಯಾದರು. 1906ರಲ್ಲಿ ಆರು ಸಿಲಿಂಡರುಗಳ '40/50' ಕಾರು ಪ್ರದರ್ಶನಕ್ಕೆ ಬಂತು. 1907ರಲ್ಲಿ ಬೆಳ್ಳಿಯ ಹೊಳಪಿನ ಒಂದು ಕಾರಿಗೆ 'ಸಿಲ್ವರ್ ಘೋಸ್ಟ್' ಎಂದು ಹೆಸರಿಟ್ಟು, ಸುಮಾರು 15,000 ಮೈಲಿ ಓಡಿಸಿ ಪರೀಕ್ಷಿಸಿದರು. ಆ ಒಂದು ಕಾರಿನ ಹೆಸರೇ ಮುಂದೆ ಇಡೀ ಮಾದರಿಗೆ ಅಂಟಿಕೊಂಡಿತು. ರೋಲ್ಸ್ 1910ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಗ ಕಾರ್ಖಾನೆ ತಯಾರಿಸುತ್ತಿದ್ದುದು ಎಂಜಿನ್ ಸಹಿತ ಚಾಸಿಯನ್ನು ಮಾತ್ರ. ಅದರ ಮೇಲಿನ ಮೈಯನ್ನು ಬಾರ್ಕರ್‌ನಂತಹ ಬೇರೆ ಕಂಪನಿಗಳು ಗಿರಾಕಿಯ ಇಚ್ಛೆಯಂತೆ ಕಟ್ಟಿಕೊಡುತ್ತಿದ್ದವು. ಹಾಗಾಗಿ ಒಂದೇ ಚಾಸಿ ಬೇರೆ ಬೇರೆ ಮೈಗಳನ್ನು ತೊಟ್ಟಿತು. ಅವುಗಳಲ್ಲಿ ಮೂರನ್ನು ನೋಡೋಣ.

ಮೊದಲನೆಯದು ಮೇಲೆ ಹೇಳಿದ 1907ರ ಬೆಳ್ಳಿ ಬಣ್ಣದ ಕಾರು. ಕಪಾಟಿನಲ್ಲಿಡಲು ಜನ ಹೆಚ್ಚಾಗಿ ಬಯಸುವುದು ಇದನ್ನೇ.

ಎರಡನೆಯದು ಹೈದರಾಬಾದಿನದು. ಆರನೆಯ ನಿಜಾಮ್ ಮೀರ್ ಮಹಬೂಬ್ ಅಲಿ ಖಾನ್ ಇದಕ್ಕೆ ಬೇಡಿಕೆ ಸಲ್ಲಿಸಿದ್ದರು. 1911ರ ಆಗಸ್ಟ್‌ನಲ್ಲಿ ಅವರು ನಿಧನರಾದರು. ಕಾರು ಕೈಸೇರಿದ್ದು ಮಗ ಮೀರ್ ಉಸ್ಮಾನ್ ಅಲಿ ಖಾನರಿಗೆ. ಹಳದಿ ಬಣ್ಣ, ಗುಮ್ಮಟದಂತಹ ಚಾವಣಿ, ಹಿಂದೆ ಸಿಂಹಾಸನದಂತೆ ಎತ್ತರಿಸಿದ ಆಸನ. ಇದೂ ಬಾರ್ಕರ್ ಕೆಲಸವೇ. ಮೆರವಣಿಗೆಗೆ ಮಾತ್ರ ಬಳಕೆಯಾದ ಈ ಕಾರು ಓಡಿದ್ದು ಕೆಲವೇ ನೂರು ಮೈಲಿ. ಅದನ್ನು ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಬೀದರ್, ಕಲಬುರಗಿ, ರಾಯಚೂರುಗಳು 1948ರವರೆಗೆ ಆ ಸಂಸ್ಥಾನದಲ್ಲೇ ಇದ್ದುದರಿಂದ ಇದು ನಮ್ಮ ಚರಿತ್ರೆಯೂ ಹೌದು.

ಮೂರನೆಯ ಮೈ ಉಕ್ಕಿನದು. ಮೊದಲ ಮಹಾಯುದ್ಧ ಆರಂಭವಾಗುತ್ತಿದ್ದಂತೆ, 1914ರ ಕೊನೆಯಲ್ಲಿ, ಇದೇ ಚಾಸಿಯ ಮೇಲೆ ಕವಚ ಹೊದಿಸಿ, ತಿರುಗುವ ಗೋಪುರದಲ್ಲಿ ಮೆಷಿನ್‌ಗನ್ ಕೂರಿಸಿದರು. 1916ರಲ್ಲಿ ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ಈ ಕಾರುಗಳು ಸನೂಸಿ ಪಡೆಗಳ ಮೇಲೆ ಎರಗಿದವು. ಬೀರ್ ಹಕೀಮಿನಲ್ಲಿ ಸೆರೆಯಲ್ಲಿ ಹಸಿವಿನಿಂದ ಬಳಲುತ್ತಿದ್ದ ಬ್ರಿಟಿಷ್ ನಾವಿಕರನ್ನು ಬಿಡಿಸಿ ತಂದದ್ದೂ ಇವೇ ಕಾರುಗಳು. ಕಾವಲಿಗಿದ್ದ ಅರಬರು ಅಲ್ಲಿ ಹತರಾದರು. ಮರುವರ್ಷ ಹಿಜಾಝಿನಲ್ಲಿ ಉಸ್ಮಾನಿಯಾ ತುರ್ಕರ ವಿರುದ್ಧ ಲಾರೆನ್ಸ್ ಜೊತೆಗೆ ಇವು ಓಡಿದವು. ಅರಬರಿಗೆ ಸ್ವಾತಂತ್ರ್ಯದ ಭರವಸೆ ಕೊಟ್ಟಿದ್ದ ಬ್ರಿಟನ್, ಅದೇ 1916ರಲ್ಲಿ ಫ್ರಾನ್ಸ್ ಜೊತೆ ಸೈಕ್ಸ್-ಪಿಕೊ ಒಪ್ಪಂದ ಮಾಡಿಕೊಂಡು ಅವರ ನೆಲವನ್ನು ಗುಟ್ಟಾಗಿ ಹಂಚಿಕೊಂಡಿತ್ತು. ಯುದ್ಧಾನಂತರ ಇರಾಕನ್ನು ಹತೋಟಿಯಲ್ಲಿಡುವ ಕೆಲಸಕ್ಕೂ ಇಂತಹ ಕಾರುಗಳು ಬಂದವು. 1941ರಲ್ಲಿ ಹಬ್ಬಾನಿಯಾದಲ್ಲಿಯೂ ಅವು ಇದ್ದವು.

ರಸ್ತೆಯಲ್ಲಿ ಸದ್ದಿಲ್ಲದೆ ಸಾಗುವುದಕ್ಕೆ ಹೆಸರಾಗಿದ್ದ ಚಾಸಿ ಅದು. ಅದರ ಮೇಲೆ ಒಮ್ಮೆ ಸಿಂಹಾಸನ, ಇನ್ನೊಮ್ಮೆ ಮೆಷಿನ್‌ಗನ್! ಯಂತ್ರಕ್ಕೆ ಧರ್ಮವಿಲ್ಲ, ದೇಶವಿಲ್ಲ. ಅದರ ಮೇಲೆ ಏನನ್ನು ಕೂರಿಸಬೇಕೆಂದು ನಿರ್ಧರಿಸುವವನು ಮನುಷ್ಯ. ಹೊಣೆಯೂ ಅವನದೇ.

ಮತ್ತೆ ಮೇಜಿಗೆ ಬರೋಣ. ಕಿಟ್ ಜೋಡಿಸುವುದು ಅವಸರದ ಕೆಲಸವಲ್ಲ. ಎರಕದ ಅಂಚಿನಲ್ಲಿ ಉಳಿದ ತೆಳು ಪೊರೆಯನ್ನು ಅರದಿಂದ ಉಜ್ಜಿ ತೆಗೆಯಬೇಕು. ಮೆದು ಲೋಹ ಅರದ ಹಲ್ಲುಗಳಲ್ಲಿ ಕೂತುಬಿಡುತ್ತದೆ. ಮೊದಲೇ ಸೀಮೆಸುಣ್ಣ ಸವರಿಕೊಂಡರೆ ಒಳ್ಳೆಯದು. ಬಾಗಿದ ಚಾಸಿ ಪಟ್ಟಿಗಳನ್ನು ಗಾಜಿನ ಹಲಗೆಯ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ನೇರ ಮಾಡಬೇಕು. ಅಂಟು ಹಾಕುವ ಮೊದಲು ಎಲ್ಲವನ್ನೂ ಒಮ್ಮೆ ಹಾಗೆಯೇ ಜೋಡಿಸಿ ನೋಡಬೇಕು. ಅರಾಲ್ಡೈಟಿನಂತಹ ಅಂಟು ಸಾಕಾಗುತ್ತದೆ. ನುರಿತವರು ಸುಮಾರು 70 ಡಿಗ್ರಿಗೇ ಕರಗುವ ಬೆಸುಗೆ ಲೋಹ ಬಳಸುತ್ತಾರೆ. ಮಾಮೂಲಿ ಬೆಸುಗೆಯ ಶಾಖಕ್ಕೆ ಕಾರೇ ಕರಗಿ ಹೋದೀತು! ನಂತರ ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಪ್ರೈಮರ್ ಬಳಿದು, ತೆಳುವಾಗಿ ಹಲವು ಸಲ ಬಣ್ಣ ಹಾಯಿಸಬೇಕು. ಸೀಸವಿರುವ ಲೋಹವಾದ್ದರಿಂದ ಕೆಲಸ ಮುಗಿದೊಡನೆ ಕೈ ತೊಳೆಯಬೇಕು, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಮಕ್ಕಳ ಕೈಗೆ ಕೊಡಲೇಬಾರದು.

ಎಷ್ಟೇ ನಿಷ್ಠೆಯಿಂದ ಮಾಡಿದರೂ ಒಂದು ಸುಳ್ಳು ಉಳಿದೇ ಉಳಿಯುತ್ತದೆ. ನಿಜವಾದ ಕಾರಿನ ಮಡ್‌ಗಾರ್ಡ್ ತಗಡು ತೀರಾ ತೆಳು. ಎರಕದಲ್ಲಿ ಅದಕ್ಕೆ ಕನಿಷ್ಠ ಒಂದು ಮಿಲಿಮೀಟರ್ ದಪ್ಪವಾದರೂ ಬೇಕು. 43ರಿಂದ ಗುಣಿಸಿದರೆ ಅದು ನಾಲ್ಕು ಸೆಂಟಿಮೀಟರಿಗಿಂತ ದಪ್ಪದ ಗೋಡೆ! ಒಳ್ಳೆಯ ಕೆಲಸಗಾರ ಇದನ್ನು ಬಲ್ಲ. ಕಣ್ಣಿಗೆ ಕಾಣುವ ಅಂಚನ್ನಾದರೂ ಉಜ್ಜಿ ತೆಳುವಾಗಿಸುತ್ತಾನೆ.

ಚರಿತ್ರೆ ಬರೆಯುವುದೂ ಇಂತಹದೇ ಕೆಲಸ. ಇಡೀ ಗತಕಾಲವನ್ನು ಕೆಲವು ಪುಟಗಳಿಗೆ ಇಳಿಸುವಾಗ ಯಾವುದೋ ಭಾಗ ದಪ್ಪವಾಗುತ್ತದೆ, ಯಾವುದೋ ಭಾಗ ಮಾಯವಾಗುತ್ತದೆ. ನಿಜಾಮರ ವಿಷಯದಲ್ಲಿ ನಾವು ಕಂಡದ್ದು ಇದನ್ನೇ. ಒಬ್ಬರಿಗೆ ಅವರ ಹಳದಿ ಕಾರು, ವಜ್ರಗಳು ಮಾತ್ರ ಕಾಣುತ್ತವೆ. ಇನ್ನೊಬ್ಬರಿಗೆ 1918ರ ಉಸ್ಮಾನಿಯಾ ವಿಶ್ವವಿದ್ಯಾಲಯ, 1908ರ ಮೂಸಿ ಪ್ರವಾಹದ ನಂತರ ವಿಶ್ವೇಶ್ವರಯ್ಯನವರನ್ನು ಕರೆಸಿ ಯೋಜನೆ ರೂಪಿಸಿ 1920ರಲ್ಲಿ ಮುಗಿಸಿದ ಉಸ್ಮಾನ್ ಸಾಗರ ಮಾತ್ರ ಕಾಣುತ್ತವೆ. ಜಾಗೀರುದಾರರ ಕೆಳಗೆ ಬಿಟ್ಟಿ ದುಡಿದ ರೈತ, 1946ರಿಂದ 1951ರವರೆಗೆ ತೆಲಂಗಾಣದ ಹಳ್ಳಿಗಳಲ್ಲಿ ನಡೆದ ಹೋರಾಟ ಇಬ್ಬರ ಮಾದರಿಯಲ್ಲೂ ತೆಳುವಾಗಿಬಿಡುತ್ತವೆ. ನಮ್ಮವರೆಂಬ ಅಭಿಮಾನಕ್ಕೆ ಒಂದು ಅಳತೆ, ಪರರೆಂಬ ದ್ವೇಷಕ್ಕೆ ಇನ್ನೊಂದು ಅಳತೆ ಹಿಡಿದರೆ ಅದು ಚರಿತ್ರೆಯಾಗುವುದಿಲ್ಲ.

ಅಳತೆ ತೂಕಗಳಲ್ಲಿ ವಂಚಿಸುವವರನ್ನು ಎಚ್ಚರಿಸುತ್ತಲೇ ಕುರ್‌ಆನಿನ ಒಂದು ಅಧ್ಯಾಯ, ಅಲ್ ಮುತಫ್ಫಿಫೀನ್, ಆರಂಭವಾಗುತ್ತದೆ. ಆ ಎಚ್ಚರಿಕೆ ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತವೆಂದು ನಾವು ಭಾವಿಸುವುದಿಲ್ಲ. ಗತಿಸಿದವರನ್ನು ತೂಗುವಾಗಲೂ ಅದು ಅನ್ವಯವಾಗಬೇಕು.

ಕಪಾಟಿನಲ್ಲಿ ಬೆಳ್ಳಿ ಬಣ್ಣದ ಕಾರೊಂದನ್ನು ಇಡುವುದು ತಪ್ಪಲ್ಲ. ಅದರ ಪಕ್ಕದಲ್ಲಿ ಸಿಂಹಾಸನದ ಕಾರಿಗೂ ಕವಚದ ಕಾರಿಗೂ ಒಂದಿಷ್ಟು ಜಾಗ ಬಿಟ್ಟಿರಬೇಕು. ಮೂರರ ಕೆಳಗೂ ಇರುವುದು ಒಂದೇ ಚಾಸಿ.