ಆಡುಸೋಗೆಯೂ ಜೇನಿಲ್ಲದ ವೈದ್ಯವೂ

ಜೈನ ಪರಂಪರೆಯು ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವನ್ನು ವೈದ್ಯಶಾಸ್ತ್ರದ ಮೂಲವೆಂದು ಎಣಿಸುತ್ತದೆ. ಆ ಪೂರ್ವವು ಲುಪ್ತವಾಗಿದ್ದರೂ ಅದನ್ನು ಆಧಾರವೆಂದು ಹೇಳಿಕೊಂಡು ಬೆಳೆದ ವೈದ್ಯ ಸಾಹಿತ್ಯವು ಉಳಿದುಬಂದಿದೆ. ಉಗ್ರಾದಿತ್ಯಾಚಾರ್ಯರ ಸಂಸ್ಕೃತ 'ಕಲ್ಯಾಣಕಾರಕ' ಅದರಲ್ಲಿ ಪ್ರಮುಖವಾದುದು. ಆಚಾರ್ಯರನ್ನು 9ನೆಯ ಶತಮಾನದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸಮಕಾಲೀನರೆಂದು ಪರಿಗಣಿಸುತ್ತಾರೆ. ಮಾಂಸವಿಲ್ಲದೆಯೂ ಚಿಕಿತ್ಸೆ ಸಾಧ್ಯವೆಂಬ ಅವರ ವಾದ ಈ ಗ್ರಂಥದ ಹಿತಾಹಿತಾಧ್ಯಾಯದಲ್ಲಿದೆ. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಸೊಲ್ಲಾಪುರದಿಂದ ಸಂಪಾದಿಸಿ ಪ್ರಕಟಿಸಿದರು. ಪೂಜ್ಯಪಾದರ ಹೆಸರಿನ ಇನ್ನೊಂದು ಕಲ್ಯಾಣಕಾರಕವನ್ನು 12ನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು.

ಉಗ್ರಾದಿತ್ಯರು ಮದ್ಯ, ಮಾಂಸಗಳೊಡನೆ ಮಧುವನ್ನೂ ವರ್ಜಿಸಿದರು. ಕಾಸ, ಶ್ವಾಸಗಳ ಚಿಕಿತ್ಸೆಯಲ್ಲಿ ಇದು ಸಣ್ಣ ತ್ಯಾಗವಲ್ಲ. ಆಯುರ್ವೇದದಲ್ಲಿ ಜೇನು ಕಫಹರ ದ್ರವ್ಯಗಳಲ್ಲಿ ಶ್ರೇಷ್ಠ. ಸಿತೋಪಲಾದಿ ಚೂರ್ಣಕ್ಕೂ ಆಡುಸೋಗೆಯ ರಸಕ್ಕೂ ಅದೇ ರೂಢಿಯ ಅನುಪಾನ. ಹಾಗಾದರೆ ಜೇನನ್ನು ಬಿಟ್ಟ ಮೇಲೆ ಔಷಧದಲ್ಲಿ ಉಳಿಯುವುದೇನು?

ಉಳಿಯುವುದು ಮೂಲಿಕೆಯ ಗುಣ. ವಾಸಾ ಎಂದು ಸಂಸ್ಕೃತದಲ್ಲಿ ಹೆಸರಾದ ಆಡುಸೋಗೆಯ ಎಲೆಯಿಂದ 19ನೆಯ ಶತಮಾನದ ಕೊನೆಯಲ್ಲಿ ರಸಾಯನಜ್ಞರು ವಾಸಿಸೀನ್ ಎಂಬ ಕ್ಷಾರವಸ್ತುವನ್ನು ಬೇರ್ಪಡಿಸಿದರು. ಅದರ ರಚನೆಯ ಜಾಡು ಹಿಡಿದು 1960ರ ದಶಕದಲ್ಲಿ ಕಫವನ್ನು ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಬಳಕೆಗೆ ಬಂದಿತು. ಇಂದಿನ ಆಂಬ್ರಾಕ್ಸಾಲ್ ಅದರಿಂದಲೇ ಹುಟ್ಟಿದುದು. ಆದರೆ ಗುಳಿಗೆಯ ಯಶಸ್ಸು ಕಷಾಯಕ್ಕೆ ಪ್ರಮಾಣವಾಗಲಾರದು. ಎಲೆಯಿಂದ ಎಲೆಗೆ ಸತ್ವದ ಪ್ರಮಾಣ ಬೇರೆಯಾಗುತ್ತದೆ. ವಾಸಿಸೀನ್ ಗರ್ಭಾಶಯವನ್ನು ಸಂಕೋಚಿಸುವುದರಿಂದ ಗರ್ಭಿಣಿಯರಿಗೆ ಅದು ವರ್ಜ್ಯ.

ಜೇನಿನ ವಿಷಯದಲ್ಲಿಯೂ ನಾವು ಪ್ರಾಮಾಣಿಕರಾಗಿರಬೇಕು. ಮಕ್ಕಳ ಕೆಮ್ಮಿನ ಕುರಿತ ಪ್ರಯೋಗಗಳನ್ನು ಪರಿಶೀಲಿಸಿದ 2018ರ ಕಾಕ್ರೇನ್ ಸಮೀಕ್ಷೆಯು, ಏನೂ ಕೊಡದಿರುವುದಕ್ಕಿಂತ ಜೇನು ಹೆಚ್ಚು ಉಪಶಮನ ನೀಡಬಹುದೆಂದು ಹೇಳಿತು. ಒಂದು ವರ್ಷ ತುಂಬದ ಶಿಶುಗಳಿಗೆ ಮಾತ್ರ ಅದನ್ನು ಕೊಡಲಾಗದು. ಜೇನು ನಿರುಪಯುಕ್ತವೆಂದು ವಾದಿಸಿ ಆಚಾರ್ಯರನ್ನು ಸಮರ್ಥಿಸಲು ಹೊರಡುವುದು ಆದ್ದರಿಂದ ಸಲ್ಲದು. ಅವರು ಬಿಟ್ಟದ್ದು ಗುಣವುಳ್ಳ ವಸ್ತುವನ್ನೇ. ಬಿಟ್ಟದ್ದು ಜೀವಹಿಂಸೆಯ ಕಾರಣಕ್ಕೆ. ವ್ರತದ ಪ್ರಶ್ನೆಗೆ ಪ್ರಯೋಗಶಾಲೆ ಉತ್ತರಿಸುವುದಿಲ್ಲ. ಔಷಧದ ಪ್ರಶ್ನೆಗೆ ವ್ರತವೂ ಉತ್ತರಿಸುವುದಿಲ್ಲ.

ಈ ವಿವೇಕ ರೋಗಿಯ ಬಳಿಯೂ ಇರಬೇಕು. ಎರಡು ವಾರ ಮೀರಿದ ಕೆಮ್ಮಿಗೆ, ಕಫದಲ್ಲಿ ಕಂಡ ರಕ್ತಕ್ಕೆ ಕಷಾಯವನ್ನಷ್ಟೇ ನಂಬಿ ಕ್ಷಯದ ಪರೀಕ್ಷೆಯನ್ನು ಮುಂದೂಡುವುದು ಪರಂಪರೆಗೆ ತೋರುವ ಗೌರವವಲ್ಲ. ಜೇನುಹುಳುವಿನ ಪ್ರಾಣಕ್ಕೆ ಮರುಗಿದ ವೈದ್ಯವು ಮನುಷ್ಯನ ಪ್ರಾಣದ ವಿಷಯದಲ್ಲಿ ಉದಾಸೀನವಾಗಿರಲಾರದು.