ಫೆಟಾ ಚೀಸ್: ಹೆಸರಿನ ಮೂಲ, ತಯಾರಿಕೆ ಮತ್ತು ಕಾನೂನಿನ ರಕ್ಷಣೆ

ಫೆಟಾ ಗ್ರೀಸ್ ದೇಶದ ಸಾಂಪ್ರದಾಯಿಕ ಚೀಸ್. ಉಪ್ಪುನೀರಿನಲ್ಲಿ ಮುಳುಗಿಸಿಟ್ಟು ಮಾಗಿಸುವುದು ಇದರ ವೈಶಿಷ್ಟ್ಯ. ಈ ಉತ್ಪನ್ನವು ತನ್ನ ಹೆಸರಿನ ಹಕ್ಕನ್ನು ಉಳಿಸಿಕೊಂಡ ಬಗೆಯನ್ನು ರೈತ ಬಾಂಧವರು ಅರಿತಿರುವುದು ಉಪಯುಕ್ತ.

ಹೆಸರಿನ ಮೂಲ
ಗ್ರೀಕ್ ಭಾಷೆಯಲ್ಲಿ ‘ಫೆಟಾ’ ಎಂದರೆ ಹೋಳು. ಈ ಪದವು 17ನೇ ಶತಮಾನದಲ್ಲಿ ಇಟಾಲಿಯನ್ ಭಾಷೆಯ ‘ಫೆತ್ತಾ’ ಎಂಬ ಪದದಿಂದ ಬಂದಿತು. ಅಂದರೆ ಇದು ಊರಿನ ಹೆಸರೂ ಅಲ್ಲ, ಮೂಲತಃ ಗ್ರೀಕ್ ಪದವೂ ಅಲ್ಲ. ಮುಂದಿನ ವಿವಾದಕ್ಕೆ ಇದೇ ಕಾರಣವಾಯಿತು.

ತಯಾರಿಕೆ
• ಹಾಲು: ಕನಿಷ್ಠ ಶೇ. 70ರಷ್ಟು ಕುರಿ ಹಾಲು ಇರಬೇಕು. ಉಳಿದದ್ದು ಅದೇ ಪ್ರದೇಶದ ಮೇಕೆ ಹಾಲು. ಹಸುವಿನ ಹಾಲಿಗೆ ಅವಕಾಶವಿಲ್ಲ.
• ಹಾಲನ್ನು ರೆನ್ನೆಟ್‌ನಿಂದ ಗಟ್ಟಿಗೊಳಿಸಿ, ಕತ್ತರಿಸಿ, ರಂಧ್ರಗಳಿರುವ ಅಚ್ಚುಗಳಲ್ಲಿ ತುಂಬುತ್ತಾರೆ. ಭಾರ ಹೇರದೆ ನೀರನ್ನು ತಾನಾಗಿ ಬಸಿಯಲು ಬಿಡುತ್ತಾರೆ.
• ಉಪ್ಪು ಸವರಿದ ಹೋಳುಗಳನ್ನು ಮರದ ಪೀಪಾಯಿ ಅಥವಾ ಲೋಹದ ಡಬ್ಬಿಗಳಲ್ಲಿ ಜೋಡಿಸಿ, ಸುಮಾರು ಶೇ. 7ರ ಉಪ್ಪುನೀರು ತುಂಬುತ್ತಾರೆ.
• ಮೊದಲು 18 ಡಿಗ್ರಿ ಸೆಲ್ಸಿಯಸ್ ಮೀರದ ಉಷ್ಣಾಂಶದಲ್ಲಿ ಗರಿಷ್ಠ 15 ದಿನ, ಬಳಿಕ 2ರಿಂದ 4 ಡಿಗ್ರಿಯಲ್ಲಿ ಇಡುತ್ತಾರೆ. ಒಟ್ಟು ಮಾಗುವ ಅವಧಿ ಕನಿಷ್ಠ 2 ತಿಂಗಳು.

ಕಾನೂನಿನ ರಕ್ಷಣೆ
ಡೆನ್ಮಾರ್ಕ್ ಮತ್ತು ಜರ್ಮನಿಯಲ್ಲಿ ಹಸುವಿನ ಹಾಲಿನಿಂದಲೂ ಚೀಸ್ ತಯಾರಿಸಿ ಇದೇ ಹೆಸರಿನಲ್ಲಿ ಮಾರಲಾಗುತ್ತಿತ್ತು. ಐರೋಪ್ಯ ಒಕ್ಕೂಟವು 1996ರಲ್ಲಿ ಫೆಟಾ ಹೆಸರನ್ನು ಗ್ರೀಸ್‌ಗೆ ನೋಂದಾಯಿಸಿತು. ಡೆನ್ಮಾರ್ಕ್, ಜರ್ಮನಿ ಮತ್ತು ಫ್ರಾನ್ಸ್ ಆಕ್ಷೇಪಿಸಿದ್ದರಿಂದ 1999ರಲ್ಲಿ ನ್ಯಾಯಾಲಯವು ಆ ನೋಂದಣಿಯನ್ನು ರದ್ದುಪಡಿಸಿತು. 2002ರಲ್ಲಿ ಹೆಸರು ಪುನಃ ನೋಂದಣಿಯಾಯಿತು. 2005ರಲ್ಲಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಇತರ ದೇಶಗಳ ತಯಾರಕರು ಕೂಡ ತಮ್ಮ ಲೇಬಲ್‌ಗಳಲ್ಲಿ ಗ್ರೀಕ್ ಸಂಸ್ಕೃತಿಯನ್ನು ನೆನಪಿಸುವ ಚಿತ್ರ, ಪದಗಳನ್ನು ಬಳಸುತ್ತಿದ್ದುದು ಗ್ರೀಸ್‌ನ ವಾದಕ್ಕೆ ಬಲ ನೀಡಿತು. ಒಕ್ಕೂಟದ ಹೊರಗಿನ ದೇಶಗಳಿಗೆ ರಫ್ತು ಮಾಡುವಾಗಲೂ ಡೆನ್ಮಾರ್ಕ್‌ನ ತಯಾರಕರು ಈ ಹೆಸರನ್ನು ಬಳಸುವಂತಿಲ್ಲವೆಂದು 2022ರಲ್ಲಿ ತೀರ್ಪು ಬಂದಿತು.

ರೈತರು ಗಮನಿಸಬೇಕಾದ ಅಂಶ
ಹೆಸರಿಗೆ ಬೆಲೆ ಬರುವುದು ಪದದ ಅರ್ಥದಿಂದಲ್ಲ. ಪ್ರದೇಶ, ಕಚ್ಚಾವಸ್ತು ಮತ್ತು ವಿಧಾನದ ಲಿಖಿತ ನಿಯಮದಿಂದ. ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆ ಮುಂತಾದ ನಮ್ಮ ಬೆಳೆಗಳಿಗೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇಂತಹ ಬೆಳೆ ಬೆಳೆಯುವವರು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ನೋಂದಾಯಿಸಿಕೊಂಡು, ನಿಗದಿತ ಗುಣಮಟ್ಟವನ್ನು ತಪ್ಪದೆ ಪಾಲಿಸಿದಲ್ಲಿ ಮಾತ್ರ ಮಾನ್ಯತೆಯ ಪೂರ್ಣ ಲಾಭ ರೈತರಿಗೆ ದೊರೆಯುತ್ತದೆ.