ವಂಶವಾಹಿ

‘ಜೀನ್’ ಎಂಬ ಪದವನ್ನು 1909ರಲ್ಲಿ ಟಂಕಿಸಿದವರು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೋಹಾನ್ಸೆನ್. ಕನ್ನಡ ಅದಕ್ಕೆ ಕಟ್ಟಿಕೊಂಡ ಮಾತು ವಂಶವಾಹಿ. ‘ವಹ್’ ಎಂದರೆ ಹೊರು, ಸಾಗಿಸು. ವಾಹನ, ವಾಹಕ, ಪ್ರವಾಹ ಎಲ್ಲವೂ ಇದೇ ಧಾತುವಿನವು. ವಂಶದ್ದನ್ನು ಹೊತ್ತು ತರುವುದು ಎಂದಷ್ಟೇ ಈ ಪದ ಹೇಳುತ್ತದೆ, ಬಾಳನ್ನು ತೀರ್ಮಾನಿಸುವುದು ಎನ್ನುವುದಿಲ್ಲ. ಈ ಎಚ್ಚರಕ್ಕೆ ದೊಡ್ಡ ಬೆಲೆಯಿದೆ. ವೆರೋನಿಕಾ ರಾತ್ ಹದಿಹರೆಯದವರಿಗಾಗಿ ಬರೆದ ‘ಅಲೀಜಂಟ್’ (2013) ಕಾದಂಬರಿಯಲ್ಲಿ ಆಳುವವರು ಮರೆಯುವುದು ಇದನ್ನೇ. ಅಲ್ಲಿ ಜನರನ್ನು ವಂಶವಾಹಿ ‘ಶುದ್ಧ’ವಾಗಿರುವವರು, ‘ಕೆಟ್ಟಿರುವವರು’ ಎಂದು ವಿಂಗಡಿಸುತ್ತಾರೆ. ತನ್ನದು ಕೆಟ್ಟಿದೆ ಎಂದು ಪರೀಕ್ಷೆಯಿಂದ ತಿಳಿದ ಟೊಬಯಾಸ್ ಎಂಬ ಯುವಕ ಕುಸಿದುಹೋಗುತ್ತಾನೆ. ಅವನ ಒಡಲು ನಿನ್ನೆಯದೇ. ಅದಕ್ಕೊಂದು ಹೆಸರು ಬಿದ್ದಿದೆ, ಅಷ್ಟೆ.

ಒಂದೇ ವಂಶವಾಹಿಯ ದೋಷದಿಂದ ಬರುವ ಹಂಟಿಂಗ್ಟನ್‌ನಂಥ ಕಾಯಿಲೆಗಳಿಲ್ಲವೇ ಎಂದು ಕೇಳಬಹುದು. ಇವೆ. ಆದರೆ ಕಾಯಿಲೆ ಬೇರೆ, ನಡತೆ ಬೇರೆ. ಯೋಹಾನ್ಸೆನ್ನರೇ ಬೀನ್ಸ್ ಬೀಜಗಳನ್ನು ತೂಗಿ ನೋಡಿದ್ದರು: ಒಂದೇ ಶುದ್ಧ ತಳಿಯಲ್ಲೂ ಕೆಲವು ದಪ್ಪ, ಕೆಲವು ಸಣ್ಣ, ಆ ವ್ಯತ್ಯಾಸ ಮುಂದಿನ ಪೀಳಿಗೆಗೆ ದಾಟಲಿಲ್ಲ. ಅಂದರೆ ಬೀಜದ ತೂಕದಲ್ಲೂ ಬೆಳೆದ ಪರಿಸರಕ್ಕೆ ಪಾಲಿದೆ, ಇನ್ನು ನಡತೆಯ ಮಾತು ಹೇಳಬೇಕೇ? ‘ವಂಶ’ ಎಂಬ ಮೊದಲರ್ಧಕ್ಕೆ ನಮ್ಮಲ್ಲಿ ಜಾತಿ-ಕುಲದ ವಾಸನೆ ಅಂಟಿದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾರೆ. ಅದಕ್ಕೇ ‘ವಾಹಿ’ಯನ್ನು ಒತ್ತಿ ಹೇಳಬೇಕು. ಇಂಥ ಕತೆಗಳನ್ನು ಕನ್ನಡಕ್ಕೆ ತರುವವರು ದಯವಿಟ್ಟು ಈ ಪದದ ಜಾಗದಲ್ಲಿ ‘ಹಣೆಬರಹ’ ಎಂದು ಬರೆಯಬೇಡಿ.